ಸೂಗಪ್ಪ ಕೂಡುವ ತನಕ

ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಸಿಂಗಾರ ಮಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸೇಡಂನ ಖಂಡಪ್ಪ ಆರು ವರ್ಷದಿಂದ ಎರಡನ್ನೂ ಒಟ್ಟಿಗೇ ಮಾಡಿಕೊಂಡು ಬಂದಿದ್ದ. ಅವನ ಹತ್ತಿರ ಒಂದು ಫ್ರೀಜರ್ ಪೆಟ್ಟಿಗೆ ಇತ್ತು. ದೂರದಲ್ಲಿರುವ ಮಕ್ಕಳು ಮರಿ ಬಂದು ಮುಖ ನೋಡುವ ತನಕ ಸತ್ತವರನ್ನು ಕೆಡದಂತೆ ಇಡುವ, ಗಾಜಿನ ಮುಚ್ಚಳದ ಉದ್ದನೆಯ ಪೆಟ್ಟಿಗೆ. ಅದನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೇರಿಕೊಂಡು ಚಿಂಚೋಳಿಯಿಂದ ಶಹಾಬಾದದ ತನಕ ಯಾರ ಮನೆಯಲ್ಲಿ ಅಳು ಎದ್ದರೂ ಹೋಗುತ್ತಿದ್ದ. ಜನ ಅವನನ್ನು ಕಂಡರೆ ಹಾದಿ ತಪ್ಪಿಸಿ ನಡೆಯುತ್ತಿದ್ದರು, ಬೇಕಾದಾಗ ಮಾತ್ರ ಅಣ್ಣಾ ತಮ್ಮಾ ಎಂದು ಕರೆಯುತ್ತಿದ್ದರು. ಇರಲಿ, ಅದು ಅವನಿಗೆ ರೂಢಿಯಾಗಿತ್ತು.

ಗುರುವಾರ ಬೆಳಗ್ಗೆ ಏಳಕ್ಕೆ ಕೋಡ್ಲಾದ ಸೂಗಪ್ಪನವರ ಮನೆಗೆ ಅವನು ಬಂದದ್ದು ಹೆಣ ಹೊರಗೆ ತೆಗೆದು ಅಣಿಮಾಡಿ ಕೊಟ್ಟು, ಪೆಟ್ಟಿಗೆ ಬಿಡಿಸಿಕೊಂಡು ಹೋಗಲಿಕ್ಕೆ. ಸೂಗಪ್ಪ ತೀರಿಕೊಂಡದ್ದು ಮಂಗಳವಾರ. ಸಿಮೆಂಟ್ ಫ್ಯಾಕ್ಟರಿಯ ಭಟ್ಟಿಯ ಮುಂದೆ ಮೂವತ್ತೊಂದು ವರ್ಷ ದುಡಿದು ಮನೆಗೆ ಬಂದ ಜೀವ ಅದು. ಒಬ್ಬನೇ ಮಗ ಅಶೋಕಕುಮಾರ ಮಿಲಿಟರಿಯಲ್ಲಿದ್ದ, ಹಿಮದ ಗುಡ್ಡದ ಮೇಲಿನ ಯಾವುದೋ ಚೌಕಿಯಲ್ಲಿ. "ನಾ ಬರೂತನಕ ಅಪ್ಪನ್ನ ಇಡ್ರಿ, ಕೈ ಮುಗೀತೀನಿ" ಎಂದು ಫೋನಿನಲ್ಲಿ ಅತ್ತಿದ್ದ. ಗುರುವಾರ ಮಧ್ಯಾಹ್ನ ವಾಡಿಯಲ್ಲಿ ರೈಲು ಇಳಿಯುವವನಿದ್ದ.

ಸೂಗಪ್ಪನವರದು ಲಿಂಗಾಯತ ಮನೆ. ಅವರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಹೂವು ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಕೂಡಿಸಿ ಒಯ್ಯುತ್ತಾರೆ, ಕುಣಿಯೊಳಗೂ ಕೂಡಿಸಿಯೇ ಮಣ್ಣು ಕೊಡುತ್ತಾರೆ. ಅದಕ್ಕೇ ಜೀವ ಹೋದ ತಾಸೆರಡು ತಾಸಿನೊಳಗೆ, ಮೈ ಬಿಗಿಯುವ ಮುಂಚೆ, ಗೋಡೆಗೆ ಒರಗಿಸಿ ಕೂಡಿಸಿಬಿಡುವುದು ರೂಢಿ. ಮಂಗಳವಾರ, ವಿಧಿ ಮಾಡಿಸುವ ಅಯ್ಯನವರಾದ ರೇವಣಸಿದ್ದಯ್ಯ ಇದನ್ನೇ ಹೇಳಿದ್ದರು. "ಮಲಗಿಸಬ್ಯಾಡ್ರಿ, ಆಮ್ಯಾಲ ಕೂಡಂಗಿಲ್ಲ" ಎಂದು ಬಡಿದುಕೊಂಡಿದ್ದರು. ಆದರೆ ಕೂತ ಮನುಷ್ಯ ಹಿಡಿಸುವ ಪೆಟ್ಟಿಗೆಯನ್ನು ಯಾವ ಪುಣ್ಯಾತ್ಮ ಮಾಡಿದ್ದಾನೆ?

ಆಗ ಖಂಡಪ್ಪನ ಬಾಯಿ ಸುಮ್ಮನಿರಬೇಕಲ್ಲ! ಎದೆ ಉಬ್ಬಿಸಿ ಹೇಳಿಯೇಬಿಟ್ಟಿದ್ದ: "ಮಲಗಿಸ್ರಿ ಅಪ್ಪಾವ್ರೆ, ಏನೂ ಆಗಂಗಿಲ್ಲ. ನಾಕ ಡಿಗ್ರಿಗೆ ಇಟ್ರ ಮೈಯಾಗ ಬರ್ಫ ಕಟ್ಟಂಗಿಲ್ಲ. ಮೂರನೇ ದಿನ ಕೀಲು ತಾನೇ ಸಡಲ್ತಾವ. ಕೂಡಸಿ ಕೊಡೂ ಜಬಾಬ್ದಾರಿ ನಂದು." ಹತ್ತು ಹನ್ನೆರಡು ಲಿಂಗಾಯತ ಮನೆಗಳಲ್ಲಿ ಹಾಗೆಯೇ ಮಾಡಿ ಸೈ ಎನಿಸಿಕೊಂಡವನು ಅವನು. ರೆಗ್ಯುಲೇಟರನ್ನು ನಾಲ್ಕಕ್ಕೆ ಇಟ್ಟು, ಯಾರೂ ಮುಟ್ಟದ ಹಾಗೆ ಮೇಲೆ ಟೇಪು ಅಂಟಿಸಿ ಹೋಗಿದ್ದ.

ಈಗ ಬಂದು ನೋಡಿದರೆ ಗಾಜಿನ ಮುಚ್ಚಳ ಒಳಗಿನಿಂದ ಬೆಳ್ಳಗಾಗಿತ್ತು. ಖಂಡಪ್ಪ ಮುಚ್ಚಳ ತೆಗೆದ. ಸೂಗಪ್ಪನ ಮೀಸೆ, ಹುಬ್ಬು, ಕಿವಿಯ ಕೂದಲು ಎಲ್ಲ ಹಿಟ್ಟಿನ ಗಿರಣಿಯಲ್ಲಿ ನಿಂತು ಬಂದವರ ಹಾಗೆ ಬೆಳ್ಳಗಿದ್ದವು. ಬಗ್ಗಿ ರೆಗ್ಯುಲೇಟರ್ ನೋಡಿದ. ಟೇಪು ಕಿತ್ತು ಪಕ್ಕಕ್ಕೆ ಅಂಟಿಸಿದ್ದರು, ಅಂಕಿ ಸೊನ್ನೆಯ ಕೆಳಗೆ ಹದಿನಾಲ್ಕು ತೋರಿಸುತ್ತಿತ್ತು. ಯಾರೋ ತಿರುವಿ ಅರ್ಧ ಹಗಲು, ಒಂದು ರಾತ್ರಿ ಪೂರ್ತಿ ಆಗಿದೆ ಎಂದು ಅವನಿಗೆ ಮುಟ್ಟಿ ನೋಡಿದ ಕೂಡಲೇ ತಿಳಿಯಿತು.

ನಾಲ್ವರು ಗಂಡಸರು ಬಂದು ಎತ್ತಿದರು. ಬಾಗಿಲ ಹಲಗೆ ಎತ್ತಿದ ಹಾಗೆ ಸೂಗಪ್ಪ ಒಂದೇ ತುಂಡಾಗಿ ಎದ್ದರು. ಮೊಣಕಾಲು ಮಡಚಲು ನೋಡಿದರು, ಇಲ್ಲ. ಮೊಣಕೈ ನೋಡಿದರು, ಇಲ್ಲ. ಪಡಸಾಲೆಯಲ್ಲಿದ್ದ ಹೆಂಗಸರು ಅಳುವುದನ್ನು ನಿಲ್ಲಿಸಿ ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ರೇವಣಸಿದ್ದಯ್ಯನವರು ಮಾತ್ರ "ನಾ ಹೇಳಿದ್ನೋ ಇಲ್ಲೋ?" ಎಂದು ಮೂಲೆಯಲ್ಲಿ ಕೂತರು. ಅಂಗಳದಲ್ಲಿ ಅರ್ಧ ಕಟ್ಟಿದ್ದ ವಿಮಾನ ಹಾಗೇ ನಿಂತಿತು.

ಸೂಗಪ್ಪನ ತಮ್ಮ ಸಂಗಮೇಶ್ವರ ಸೇಡಂ ಬಾಜಾರದಲ್ಲಿ ತೊಗರಿ ವ್ಯಾಪಾರ ಮಾಡುವ ಸಾಹುಕಾರ. ಅವನ ಸಿಟ್ಟು ಮೂಗಿನ ತುದಿಯ ಮೇಲೆ, ಅವನ ಮೂಗೂ ಹಾಗೇ ದೊಡ್ಡದು. ಬಂದವನೇ ಖಂಡಪ್ಪನ ಅಂಗಿಯ ಕಿಸೆಗೆ ಕೈ ಹಾಕಿ ಟಂಟಂ ಕೀಲಿ ತೆಗೆದುಕೊಂಡ.

"ಏನಂದಿದ್ದಿ ಮಂಗಳವಾರ? ಜಬಾಬ್ದಾರಿ ನಂದು ಅಂದಿದ್ಯಲ್ಲ? ನಮ್ಮಣ್ಣ ಕೂಡೂತನಕ ನೀ ಈ ಹೊಸ್ತಿಲ ದಾಟಂಗಿಲ್ಲ."

"ಸಾವ್ಕಾರ್ರೆ, ನಾ ನಾಕಕ್ಕ ಇಟ್ಟಿದ್ದೆ. ಯಾರೋ ತಿರುವ್ಯಾರ."

"ಯಾರ ತಿರುವ್ತಾರ? ದುಃಖದ ಮನ್ಯಾಗ ಯಾರಿಗೆ ಬ್ಯಾರೆ ಕೆಲಸಿಲ್ಲೇನು? ಪೆಟಗಿ ನಿಂದು, ಯಂತ್ರ ನಿಂದು. ಸೂರ್ಯ ಮುಳುಗೂದ್ರಾಗ ಅಣ್ಣ ಕೂಡಬೇಕು. ಇಲ್ಲಂದ್ರ ನಿನ್ನ ಪೆಟಗೀನ ಒಡದು ಒಲಿಗೆ ಹಾಕ್ತೀನಿ. ಸೇಡಂ, ಚಿತ್ತಾಪುರ, ಚಿಂಚೋಳಿ, ಮೂರೂ ತಾಲೂಕಿನ್ಯಾಗ ನಿನ್ನ ಹೆಸರು ಹೇಳಿ ಯಾರೂ ಕರೀಬಾರದು, ಹಂಗ ಮಾಡ್ತೀನಿ."

ಅಂಗಳದ ದೊಡ್ಡ ಬಾಗಿಲಿಗೆ ಒಳಗಿನಿಂದ ಅಗುಳಿ ಬಿತ್ತು. ಅದರ ಮುಂದೆ ಸಂಗಮೇಶ್ವರನ ಇಬ್ಬರು ಷಡ್ಡಕರು ಕಟ್ಟೆ ಮೇಲೆ ಕೂತರು, ಎದ್ದರೆ ಊರೇ ಓಡಿಹೋದೀತು ಅನ್ನುವ ಹಾಗೆ. ಖಂಡಪ್ಪ ಒಮ್ಮೆ ಬಾಗಿಲನ್ನು ನೋಡಿದ, ಒಮ್ಮೆ ಸೂಗಪ್ಪನನ್ನು ನೋಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನ ನಾಲಿಗೆಯನ್ನು ತಾನೇ ಬೈದುಕೊಂಡ.

ಆದರೆ ಬರ್ಫಿನ ವಿಷಯದಲ್ಲಿ ಅವನು ದಡ್ಡನಲ್ಲ. ಕಾಗಿಣಾ ಹೊಳೆಯ ದಂಡೆಯ ಅಂಬಿಗರ ಮನೆಯವನು. ಹೊಳೆಯಲ್ಲಿ ಮೀನು ಕಡಿಮೆಯಾದ ಮೇಲೆ ವಾಡಿಯ ಒಂದು ಬರ್ಫಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಹಿಗ್ಗಿ ಕಬ್ಬಿಣದ ಪೈಪನ್ನೂ ಸೀಳುತ್ತದೆ ಎಂಬುದನ್ನು ಕಣ್ಣಾರೆ ಕಂಡವನು. ಮೀನನ್ನು ಬರ್ಫು ಮಾಡಿ, ಅವಸರಕ್ಕೆ ಬಿಸಿನೀರಿಗೆ ಹಾಕಿದರೆ ಮೇಲಿನದು ಬೆಂದು ಕಳಚುತ್ತದೆ, ನಡುವೆ ಕಲ್ಲು ಹಾಗೇ ಉಳಿಯುತ್ತದೆ. ಮನುಷ್ಯನ ಮೈಯೂ ಮುಕ್ಕಾಲು ನೀರೇ. ಸೂಗಪ್ಪನ ಹೊಟ್ಟೆ ಎದೆ ಇನ್ನೂ ಪೂರ್ತಿ ಕಟ್ಟಿರಲಿಲ್ಲ, ಒತ್ತಿದರೆ ಗೊತ್ತಾಗುತ್ತಿತ್ತು. ಕಟ್ಟಿದ್ದು ಕೈಕಾಲು, ಮೇಲಿನ ಮಾಂಸ. ಅದನ್ನು ಮೆಲ್ಲಗೆ ಬಿಡಿಸಬೇಕು. ಬೇಗ ಬಿಡಿಸಿದರೆ ಚರ್ಮ ಹೋಗುತ್ತದೆ, ತಡಮಾಡಿದರೆ ಹೊತ್ತು ಹೋಗುತ್ತದೆ. ಒಮ್ಮೆ ಬಿಟ್ಟಿತೆಂದರೆ ಈ ನಲವತ್ಮೂರು ಡಿಗ್ರಿ ಬಿಸಿಲಿನಲ್ಲಿ ಬೆಳಗಿನ ತನಕ ಇಡುವ ಹಾಗೂ ಇಲ್ಲ. ಅತ್ತ ದರಿ, ಇತ್ತ ಪುಲಿ.

"ನುಲಿ ಹೊರಸು ತರ್ರಿ" ಎಂದ. "ಹಿಂದಿನ ಖೋಲಿಯಾಗ ಹಾಕ್ರಿ. ಬಾವಿ ನೀರು ಬೇಕು, ಬಿಸಿ ಒಂದ ಹನಿ ಬ್ಯಾಡ. ಹಳೇ ಧೋತ್ರ ಎಷ್ಟ ಅವ ಅಷ್ಟೂ ಕೊಡ್ರಿ."

ಫರಸಿ ಕಲ್ಲಿನ ಮೇಲೆ ಯಾಕೆ ಮಲಗಿಸಬಾರದೆಂದು ಯಾರೋ ಕೇಳಿದರು. ಕಲ್ಲು ತಾಗಿದ ಬೆನ್ನಿಗೆ ನೀರು ಮುಟ್ಟುವುದಿಲ್ಲ, ಹೊರಸಾದರೆ ಹೆಣೆದ ಹಗ್ಗದ ಸಂದಿಯಲ್ಲಿ ಕೆಳಗಿನಿಂದಲೂ ಗಾಳಿ ಆಡುತ್ತದೆ, ನೀರೂ ಇಳಿದುಹೋಗುತ್ತದೆ ಎಂದು ಬಿಡಿಸಿ ಹೇಳುವ ತಾಳ್ಮೆ ಅವನಿಗೆ ಇರಲಿಲ್ಲ. "ಹೇಳಿದಷ್ಟ ಮಾಡ್ರಿ" ಎಂದು ಗದರಿದ. ಬಂಧನದಲ್ಲಿದ್ದವನು ಗದರಿದ್ದನ್ನು ಕೇಳಿ ಷಡ್ಡಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಿಂದಿನ ಖೋಲಿ ಚಿಕ್ಕದು. ಒಂದೇ ಬಾಗಿಲು, ಕೈ ಹಿಡಿಸದಷ್ಟು ಕಿಟಕಿ, ಮೇಲೆ ಫರಸಿ ಹಾಸಿದ ಮಾಳಿಗೆ. ಹೊತ್ತು ಏರಿದಂತೆ ಆ ಕಲ್ಲು ಕಾದು ಒಳಗಿದ್ದವರ ನೆತ್ತಿ ಸುಡುತ್ತಿತ್ತು. ಖಂಡಪ್ಪ ಧೋತ್ರ ನೀರಲ್ಲಿ ಅದ್ದಿ ಸೂಗಪ್ಪನ ಕಾಲಿಗೆ ಸುತ್ತಿದ. ಮೊದಲನೆಯ ಧೋತ್ರ ಮೈಮೇಲೇ ಹೆಪ್ಪಾಗಿ, ಬಿಸಿಲಲ್ಲಿ ಒಣಗಿದ ಹಪ್ಪಳದ ಹಾಗೆ ಪಟಪಟ ಅನ್ನಲು ಶುರುವಾಯಿತು. ತೆಗೆದು ಬೇರೆ ಹಾಕಿದ. ಅದೂ ಕಟ್ಟಿತು. ನಾಲ್ಕನೆಯದು ಮೆತ್ತಗೇ ಉಳಿಯಿತು. ನೀರು ತನ್ನ ಬಿಸಿ ಕೊಟ್ಟು ಅವರ ಥಂಡಿ ತೆಗೆದುಕೊಳ್ಳುತ್ತಿದೆ ಎಂದು ಅವನಿಗೆ ಸ್ವಲ್ಪ ಧೈರ್ಯ ಬಂತು. ಅವನ ಬೆನ್ನ ಮೇಲೆ ಬೆವರು ಹರಿಯುತ್ತಿತ್ತು, ಬೆರಳುಗಳು ಮಾತ್ರ ಜೋಮು ಹಿಡಿದು ಬೆಳ್ಳಗಾಗಿದ್ದವು.

ಅಷ್ಟರಲ್ಲಿ ಸಂಗಮೇಶ್ವರ ಒಂದು ಕೊಡ ಬಿಸಿನೀರು ಹೊರಿಸಿಕೊಂಡು ಬಂದ. "ಸರಿ ಆ ಕಡೆ. ನಿನ್ನ ಕೂಸಿನ ಸ್ನಾನ ಸಾಕು."

ಖಂಡಪ್ಪ ಕೊಡಕ್ಕೆ ಅಡ್ಡ ನಿಂತ. "ಹಾಕ್ರಿ ಸಾವ್ಕಾರ್ರೆ, ಹಾಕ್ರಿ. ಚರ್ಮ ಸುಲದು ಬಂದ ಮ್ಯಾಲ ಮಗ ಬಂದು ಯಾರ ಮುಖ ನೋಡ್ಬೇಕು, ಅದನ್ನೂ ನೀವ ಹೇಳ್ರಿ."

ಸಂಗಮೇಶ್ವರ ಹಲ್ಲು ಕಡಿದ. ಕೊಡ ಹೋಯಿತು. ಅವನೂ ಹೋದ.

ಫೋನು ಬಂತು. ಹೆಂಡತಿ ಮರೆಮ್ಮ. "ಎಲ್ಲಿದ್ದೀರಿ? ಚಿತ್ತಾಪುರದವರು ಬೆಳಗಿನಿಂದ ನಾಕ ಸಲ ಫೋನ್ ಮಾಡ್ಯಾರ, ಪೆಟಗಿ ಬೇಕಂತ. ಮತ್ತ ಇಲ್ಲಿ ಮಂದಿ ಏನೇನೋ ಅನ್ನಾಕತ್ತಾರ. ನೀವು ಕೋಡ್ಲಾದಾಗ ಒಬ್ಬರನ್ನ ಕಲ್ಲ ಮಾಡೀರಂತ, ಖರೇನ?"

"ಸುಳ್ಳ" ಎಂದ ಖಂಡಪ್ಪ. "ಚಿತ್ತಾಪುರದವರಿಗೆ ಸಂಜೀಕ ಅಂತ ಹೇಳು."

ಸಂಜೆಗೆ ತನ್ನ ಕೈಯಲ್ಲಿ ಪೆಟ್ಟಿಗೆ ಇರುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಸೇಡಂಗೆ ಮಾತು ಆಗಲೇ ಹೋಗಿಬಿಟ್ಟಿದೆ. ಇಂಥ ಧಂದೆಯಲ್ಲಿ ಒಂದು ಸಲ ಹೆಸರು ಕೆಟ್ಟರೆ ಮುಗಿಯಿತು, ಸತ್ತವರ ಮನೆಯವರು ಎರಡನೆಯ ಅವಕಾಶ ಯಾರಿಗೂ ಕೊಡುವುದಿಲ್ಲ.

ನೀರು ತಂದುಕೊಡುತ್ತಿದ್ದವಳು ಸೂಗಪ್ಪನ ಹೆಂಡತಿ ವಿಮಲಾಬಾಯಿ. ಬೇರೆ ಹೆಂಗಸರು ಬೇಡವೆಂದರೂ ಕೇಳದೆ, ಬಾವಿಗೂ ಖೋಲಿಗೂ ಕೊಡ ಹೊತ್ತು ಅಡ್ಡಾಡುತ್ತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಹತ್ತನೆಯ ಕೊಡವೋ ಹನ್ನೊಂದನೆಯದೋ ಇಳಿಸಿ, ಬಾಗಿಲು ಮುಂದಕ್ಕೆ ಮಾಡಿ, ಗೋಡೆ ಹಿಡಿದು ಕೂತಳು.

"ತಮ್ಮಾ, ಪೆಟಗ್ಯಾಗ ಅವರಿಗೆ ತಂಪ ಹತ್ತಿತ್ತೇನು?"

ಎಂಥ ಪ್ರಶ್ನೆ! ಖಂಡಪ್ಪ ಧೋತ್ರ ಹಿಂಡುತ್ತಿದ್ದಾಗ ಅವಳೇ ಮುಂದುವರಿಸಿದಳು.

"ತಿರುವಿದಾಕಿ ನಾನ."

ಖಂಡಪ್ಪನ ಕೈಯಿಂದ ಧೋತ್ರ ಬಕೀಟಿಗೆ ಬಿತ್ತು.

"ನಿನ್ನೆ ಮಧ್ಯಾನ್ನ ಮಂದಿ ಭಾಳ ಆಗಿದ್ರು. ಸೆಕಿ ಅಂತ ಕೂಲರ್ ಹಚ್ಚಿದ್ರು. ನಾ ಹತ್ರ ಹೋಗಿ ನೋಡಿದ್ರ ಅವರ ಹಣಿ ಮ್ಯಾಲ, ಗಲ್ಲದ ಮ್ಯಾಲ ಎಲ್ಲಾ ನೀರಿನ ಹನಿ. ಬೆವತಾರ ಅಂದ್ಕೊಂಡೆ ತಮ್ಮಾ. ಮೂವತ್ತೊಂದ ವರ್ಷ ಆ ಭಟ್ಟಿ ಮುಂದ ಬೆವತು ಬೆವತು ಅಂಗೀ ಮ್ಯಾಲ ಉಪ್ಪ ಕಟ್ಟಿಸ್ಕೊಂಡು ಬರ್ತಿದ್ರು. ಬಂದು ಬರಿಮೈಲೆ ಫರಸಿ ಮ್ಯಾಲ ಬಿದ್ಕೊಂಡು, ಇಮಲಾ, ಒಂದ ದಿನರೆ ತಂಪಾಗಿ ನಿದ್ದಿ ಮಾಡಬೇಕ ನೋಡು, ಅಂತಿದ್ರು. ಸತ್ತ ಮ್ಯಾಲೂ ಬೆವರೇನು ಅಂತ ಟೇಪ ಕಿತ್ತೆ. ಫ್ಯಾನಿಂದು ತಿರುವಿದಂಗ ತಿರುವಿದೆ. ತುದಿತನಕ ತಿರುವಿದೆ."

ಆ ಹನಿಗಳು ಸೂಗಪ್ಪನ ಹಣೆಯ ಮೇಲಿನವಲ್ಲ. ಕೂಲರಿನ ತೇವದ ಗಾಳಿ, ಮಂದಿಯ ಉಸಿರು, ತಣ್ಣನೆಯ ಗಾಜಿಗೆ ತಾಗಿ ಹೊರಗಡೆ ನೀರಾಗಿ ನಿಂತದ್ದು. ಸೆರಗಿನಿಂದ ಒಮ್ಮೆ ಒರೆಸಿದ್ದರೆ ಹೋಗುತ್ತಿತ್ತು. ಹೀಗೆಂದು ಆಕೆಗೆ ಹೇಳಬೇಕೇ? ಹೇಳಿದರೆ ಆಕೆಯ ಎದೆ ಒಡೆದೀತು. ಖಂಡಪ್ಪ ಹೇಳಲಿಲ್ಲ.

"ನೀ ಹೋಗಿ ಹೇಳಿಬಿಡು" ಎಂದಳು ವಿಮಲಾಬಾಯಿ. "ನಿನ್ನ ತಪ್ಪಿಲ್ಲ. ನನಗ ಮೈದುನನ ಮುಂದ ಬಾಯಿ ಬರವಲ್ದು."

ಖಂಡಪ್ಪನಿಗೆ ಸಂತೋಷವಾಯಿತು ಎಂದರೆ ಸುಳ್ಳಲ್ಲ. ಮನುಷ್ಯನೇ ತಾನೇ? ಬಾಗಿಲ ಅಗುಳಿ ತೆಗೆದ ಸದ್ದು, ಕಿಸೆಗೆ ಕೀಲಿ ಬಿದ್ದ ಸದ್ದು ಎರಡೂ ಆಗಲೇ ಕಿವಿಗೆ ಕೇಳಿಸಿದವು. ಕೈ ಒರೆಸಿಕೊಂಡು ಪಡಸಾಲೆಗೆ ಬಂದ. ಅಲ್ಲಿ ಸಂಗಮೇಶ್ವರ ನಡುವೆ ನಿಂತು ಯಾರಿಗೋ ಕೂಗಾಡುತ್ತಿದ್ದ. ಹೆಣ ಕಾಯಲಿಕ್ಕೆ ಕೂತಿದ್ದ ಹುಡುಗಿಯರು ರೆಗ್ಯುಲೇಟರ್ ಮುಟ್ಟಿದ್ದರೋ ಏನೋ ಎಂದು ರೇವಣಸಿದ್ದಯ್ಯನವರು ಬಾಯಿ ತಪ್ಪಿ ಅಂದಿದ್ದರಂತೆ.

"ಈ ಮನಿಯವರ್ಯಾರರೆ ಮುಟ್ಟಿದ್ದು ಖರೆ ಅಂತ ಗೊತ್ತಾದ್ರ ಕೇಳ್ರಿ" ಎನ್ನುತ್ತಿದ್ದ ಸಂಗಮೇಶ್ವರ. "ಅವರು ಹೆಣ್ಣಿರಲಿ, ಗಂಡಿರಲಿ, ಸಣ್ಣವರಿರಲಿ, ದೊಡ್ಡವರಿರಲಿ, ಕುಣೀತನಕ ಬರಾಕ ಬಿಡಂಗಿಲ್ಲ. ನಮ್ಮಣ್ಣನ ತಲಿಮ್ಯಾಲ ಅವರ ಕೈಲಿಂದ ಒಂದ ಪತ್ರಿ ಬೀಳಬಾರದು. ನನ್ನ ಆಣಿ." ಹೇಳಿ ಇವನ ಕಡೆ ತಿರುಗಿದ. "ಏನೋ? ಹೊರಗ ಯಾಕ ಬಂದಿ?"

ಖಂಡಪ್ಪನ ಬಾಯಲ್ಲಿ ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೇಳಿದರೆ ಅವನು ಹೊರಗೆ, ಆಕೆ ಒಳಗೆ. ನಲವತ್ತು ವರ್ಷ ಬಾಳಿದ ಗಂಡನಿಗೆ ಕಡೆಯ ಪತ್ರಿ ಹಾಕುವ ಭಾಗ್ಯ ಆಕೆಗೆ ಇಲ್ಲ. ಹೇಳದಿದ್ದರೆ ಇವನ ಪೆಟ್ಟಿಗೆ ಒಲೆಗೆ. ಯಾವ ಜನ್ಮದ ಪಾಪವೋ, ಎರಡೂ ಕೀಲಿ ತನ್ನ ನಾಲಿಗೆಯ ಮೇಲೇ ಇವೆಯಲ್ಲ ಎಂದು ಅವನಿಗೆ ಅಳುವೇ ಬಂತು.

"ಇನ್ನೊಂದ ಬಕೀಟ ಬೇಕಾಗಿತ್ತು" ಎಂದ.

ಬಕೀಟು ಹಿಡಿದು ಮತ್ತೆ ಅದೇ ಖೋಲಿಗೆ ಹೋದ. ವಿಮಲಾಬಾಯಿ ತಲೆ ಎತ್ತಿ ನೋಡಿದಳು. ಅವನು ಇಲ್ಲ ಎಂದು ಕತ್ತು ಆಡಿಸಿದ. ಬೈದುಕೊಂಡ, ತನ್ನನ್ನು, ಸಂಗಮೇಶ್ವರನನ್ನು, ಕೂಲರ್ ಹಚ್ಚಿದವರನ್ನು, ಹೊಳೆಯ ಮೀನನ್ನು ತಿಂದು ಮುಗಿಸಿದ ಊರವರನ್ನು. ಬೈಯುತ್ತಲೇ ಧೋತ್ರ ಬದಲಿಸಿದ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಮಾಳಿಗೆಯ ಕಲ್ಲು ಕೆಳಗೇ ಇಳಿದು ಬಂದಂತೆ ಖೋಲಿ ಕುದಿಯಿತು. ಹೊರಸಿನ ಕೆಳಗೆ ನೀರು ಹರಿದು ಫರಸಿಯ ಸಂದಿ ಹಿಡಿದು ಹೊರಗೆ ಹೋಗುತ್ತಿತ್ತು. ಆ ಮನೆಯಿಂದ ಹೊರಗೆ ಹೋಗಲು ಅಪ್ಪಣೆ ಇದ್ದದ್ದು ಅದಕ್ಕೊಂದಕ್ಕೇ.

ಎರಡೂವರೆಗೆ ಬೆರಳು ಬಿಟ್ಟವು. ಮೂರಕ್ಕೆ ಮಣಿಕಟ್ಟು. ಮೂರೂವರೆಗೆ ಮೊಣಕೈ ಅರ್ಧ ಮಡಚಿತು. ಖಂಡಪ್ಪ "ಬರ್ರಿ ಯಜಮಾನ್ರೆ, ಬರ್ರಿ, ಹಠ ಮಾಡಬ್ಯಾಡ್ರಿ" ಎಂದು ಸೂಗಪ್ಪನ ಜೊತೆಗೇ ಮಾತಾಡಲು ಶುರುಮಾಡಿದ್ದ. ಮೊಣಕಾಲು ಮಾತ್ರ ಜಗ್ಗಲಿಲ್ಲ. ಭಟ್ಟಿಯ ಮುಂದೆ ನಿಂತು ನಿಂತು ಗಟ್ಟಿಯಾದ ಕಾಲು. ಅಂಗೈಯಲ್ಲಿ ಮೊಣಕಾಲ ಚಿಪ್ಪು ಹಿಡಿದು ಕೂತ, ತನ್ನ ಬಿಸಿ ಅದಕ್ಕೆ ಹೋಗಲಿ ಎಂದು. ನಾಲ್ಕಾಯಿತು. ಇನ್ನು ಎರಡೂವರೆ ತಾಸು.

ಆಗ ಹೊರಗೆ ಅಳು ಮೇಲೆದ್ದಿತು. ಅಶೋಕಕುಮಾರ ಬಂದಿದ್ದ.

ಹೆಗಲ ಮೇಲೆ ಹಸಿರು ಚೀಲ. ಥಂಡಿಗೆ ಸುಟ್ಟು ಕಪ್ಪಾದ ಮೂಗು, ಕೆನ್ನೆ. ಚೀಲ ಇಳಿಸುವ ಮುಂಚೆಯೇ ಸಂಗಮೇಶ್ವರ ಅವನ ಕೈ ಹಿಡಿದು ಖೋಲಿಗೆ ಎಳೆದು ತಂದ. ಹಿಂದೆ ಅಯ್ಯನವರು, ಷಡ್ಡಕರು, ಅರ್ಧ ಪಡಸಾಲೆ.

"ನೋಡು, ನಿಮ್ಮಪ್ಪನ್ನ ಏನ ಮಾಡ್ಯಾನ ನೋಡು ಈ ಮನಷ್ಯ! ಬರ್ಫ ಮಾಡಿಟ್ಟಾನ. ಕೂಡಸಾಕ ಬರವಲ್ದು."

ಅಶೋಕಕುಮಾರ ಖಂಡಪ್ಪನನ್ನು ನೋಡಿದ. ಖಂಡಪ್ಪ ಎದ್ದು ನಿಲ್ಲಲು ಹೋದ, ಒಂಬತ್ತು ತಾಸು ಕುಕ್ಕರಗಾಲಲ್ಲಿ ಕೂತ ಕಾಲು ಏಳಲಿಲ್ಲ. ಒಂದು ಕ್ಷಣ ವಿಮಲಾಬಾಯಿಯ ಕಡೆ ಕಣ್ಣು ಹೋಯಿತು. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಹೌದ್ರಿ" ಎಂದ ಖಂಡಪ್ಪ. "ತಪ್ಪು ನಂದ. ಟೇಪ ಬರೋಬ್ಬರಿ ಹಚ್ಚಿರಲಿಲ್ಲ. ಪೆಟಗಿ ಒಡದು ಹಾಕ್ರಿ, ಏನರೆ ಮಾಡ್ರಿ. ಆದ್ರ ಇನ್ನೊಂದ ತಾಸ ಕೊಡ್ರಿ, ಮೊಣಕಾಲೊಂದ ಉಳದದ."

"ಕೇಳಿದ್ಯಾ?" ಎಂದು ಸಂಗಮೇಶ್ವರ ಗರ್ಜಿಸಿದ. "ಈಗ ಬಾಯಿ ಬಿಟ್ಟ!"

"ಸಂಗಮೇಶಾ, ಸುಮ್ನಿರು."

ವಿಮಲಾಬಾಯಿ ಮೈದುನನನ್ನು ಅಷ್ಟು ಮಂದಿಯ ಮುಂದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಅಂವಾ ಸುಳ್ಳ ಹೇಳಾಕತ್ತಾನ. ಟೇಪ ಕಿತ್ತಾಕಿ ನಾನು, ತಿರುವಿದಾಕಿ ನಾನು. ಬೆಳಗಿನಿಂದ ಅವಂಗ ಗೊತ್ತದ. ನನ್ನ ಸಲಂದ ಬಾಯಿ ಮುಚಗೊಂಡು ಈ ಒಲ್ಯಾಗ ಬೇಯಾಕತ್ತಾನ. ನನ್ನ ಗಂಡಗ ಸೆಕಿ ಆಗ್ಯದ ಅಂತ ತಿರುವಿದೆ. ಕುಣಿಗೆ ಬರಾಕ ಬಿಡಂಗಿಲ್ಲೇನು? ಬಿಡಬ್ಯಾಡ. ಮನ್ಯಾಗ ಕುಂದರ್ತೀನಿ. ಆದ್ರ ಪರರ ಮನಿ ಮನಷ್ಯಾನ್ನ ಕಟ್ಟಿಹಾಕಿ ನನ್ನ ಪಾಪ ಹೊರಸಬ್ಯಾಡ."

ಸಂಗಮೇಶ್ವರನ ಬಾಯಿ ತೆರೆದದ್ದು ತೆರೆದೇ ಇತ್ತು.

"ಮೊದಲ ಹೇಳಬೇಕಿಲ್ಲೇನ್ರಿ ವೈನಿ" ಎಂದ ಕಡೆಗೆ, ಅರ್ಧ ದನಿಯಲ್ಲಿ.

"ಹೇಳಾಕ ನೀ ಎಲ್ಲಿ ಬಿಟ್ಟಿ?"

ಅಶೋಕಕುಮಾರ ಹೊರಸಿನ ಪಕ್ಕ ಕೂತು ತಂದೆಯ ಪಾದ ಮುಟ್ಟಿದ, ಕಣಕಾಲು ಒತ್ತಿದ, ಮೊಣಕಾಲ ಮೇಲೆ ಕೈ ಆಡಿಸಿದ. ಗೊತ್ತಿದ್ದವರ ಕೈ ಅದು, ಖಂಡಪ್ಪನಿಗೆ ತಿಳಿಯಿತು.

"ಬಿಸಿನೀರು ಹಾಕೀರೇನು?"

"ಇಲ್ರಿ. ಒಂದ ಹನಿ ಇಲ್ಲ."

"ಛಲೋ ಮಾಡೀರಿ ಕಾಕಾ. ಬಿಸಿನೀರು ಹಾಕಿದ್ರ ಕೆಟ್ಟಹೋಗ್ತಿತ್ತು." ಹೆಗಲ ಮೇಲಿನ ಚೀಲ ಇಳಿಸಿದ. "ನಮ್ಮ ಚೌಕ್ಯಾಗ ಯಾರದರೆ ಕಾಲು ಥಂಡೀಲೆ ಸೆಟದ್ರ ನಾವು ಹಿಂಗ ಮಾಡ್ತೀವಿ."

ಅಂಗಿಯ ಗುಂಡಿ ಬಿಚ್ಚಿದ. ತಂದೆಯ ಎರಡೂ ಪಾದಗಳನ್ನು ತನ್ನ ಬರಿಹೊಟ್ಟೆಗೆ ಒತ್ತಿಕೊಂಡು, ಮೊಣಕಾಲುಗಳನ್ನು ತೋಳಿನಲ್ಲಿ ಅಪ್ಪಿ, ಕಣ್ಣು ಮುಚ್ಚಿ ಕೂತ. ಥಂಡಿ ಹೊಟ್ಟೆಗೆ ತಾಗಿ ಅವನ ಮೈ ಒಮ್ಮೆ ಝುಂ ಎಂದು ನಡುಗಿತು. ಖಂಡಪ್ಪ ತೊಡೆಯ ಮೇಲಿನ ಧೋತ್ರ ಬದಲಿಸುತ್ತ ಹೋದ. ವಿಮಲಾಬಾಯಿ ನೀರು ಕೊಟ್ಟಳು. ಸ್ವಲ್ಪ ಹೊತ್ತಿಗೆ ನೋಡಿದರೆ ಸಂಗಮೇಶ್ವರ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದ. ತೊಗರಿ ಸಾಹುಕಾರ ಕೊಡ ಹೊತ್ತದ್ದನ್ನು ಕೋಡ್ಲಾ ಊರು ಅವತ್ತು ಕಂಡಿತು.

ಐದಕ್ಕೆ ಇನ್ನೂ ಏಳೆಂಟು ನಿಮಿಷ ಇರುವಾಗ ಬಲಗಾಲು ಸಡಿಲಾಯಿತು. ಹಿಂದೆಯೇ ಎಡಗಾಲು. ಅಶೋಕಕುಮಾರ ಮಗುವಿನ ಕಾಲು ಮಡಚುವಷ್ಟು ಮೆಲ್ಲಗೆ ತಂದೆಯ ಕಾಲು ಮಡಚಿ ಪದ್ಮಾಸನ ಹಾಕಿಸಿದ. ಗೋಡೆಗೆ ಒರಗಿಸಿದರು. ಸೂಗಪ್ಪ ಕೂತರು.

"ಕೂತ್ರು!" ಎಂದು ರೇವಣಸಿದ್ದಯ್ಯನವರು ಕೂಗಿ, ಕೂಗಿದ್ದಕ್ಕೆ ತಾವೇ ನಾಚಿಕೊಂಡು ವಿಭೂತಿ ತೆಗೆದರು.

ಸಂಗಮೇಶ್ವರ ಕಿಸೆಯಿಂದ ಟಂಟಂ ಕೀಲಿ ತೆಗೆದು ಖಂಡಪ್ಪನ ಮುಂದೆ ಹಿಡಿದ. ಮುಖ ನೋಡಲಿಲ್ಲ. "ಪೆಟಗಿ ನಮ್ಮ ಹುಡುಗ್ರು ಏರಸ್ತಾರ. ಚಿತ್ತಾಪುರದ ಸುದ್ದಿ ವೈನಿ ಹೇಳಿದ್ರು, ಅಲ್ಲಿಗೆ ನಾ ಫೋನ್ ಮಾಡಿ ಹೇಳೀನಿ, ಬರಾಕತ್ತಾನ ಅಂತ. ಖಂಡಪ್ಪನ ಪೆಟಗಿನ ಬೇಕಂತ ಕೇಳ್ರಿ ಅಂತನೂ ಹೇಳೀನಿ."

ಅಂಗಳದ ಬಾಗಿಲು ತೆರೆದಿತ್ತು. ಖಂಡಪ್ಪ ಹೋಗಬಹುದಿತ್ತು. ಆದರೆ ಕೀಲಿ ಕಿಸೆಗೆ ಹಾಕಿಕೊಂಡು ಅವನು ವಿಮಾನದ ಹಿಂದೆ ನಡೆದ. ಬೆಳಗಿನಿಂದ ಕೈಯಲ್ಲಿ ಹಿಡಿದ ಮನುಷ್ಯನನ್ನು ಅರ್ಧದಲ್ಲಿ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ವಿಮಲಾಬಾಯಿ ಎಲ್ಲರಿಗಿಂತ ಮುಂದೆ, ಮಗನ ಕೈ ಹಿಡಿದು ನಡೆಯುತ್ತಿದ್ದಳು. ಬರಬೇಡ ಎನ್ನುವ ಗಂಡು ಅಲ್ಲಿ ಯಾರೂ ಇರಲಿಲ್ಲ.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಮೇಲೆ ಕರಿ ಎರೆಮಣ್ಣು ಬಾಯಿ ಬಿಟ್ಟು ಬಿರಿದಿತ್ತು, ಬರಿಗಾಲಿಡಲಾಗದಷ್ಟು ಸುಡುತ್ತಿತ್ತು. ಸೂಗಪ್ಪನನ್ನು ಇಳಿಸಲು ಕೆಳಗೆ ಇಬ್ಬರು ಬೇಕಾಗಿತ್ತು. ಅಶೋಕಕುಮಾರ ಇಳಿದ, ತಿರುಗಿ ಖಂಡಪ್ಪನ ಕಡೆ ಕೈ ಚಾಚಿದ. ಯಾರೂ ಬೇಡ ಎನ್ನಲಿಲ್ಲ. ಇಬ್ಬರೂ ಸೇರಿ ಕುಣಿಯೊಳಗೆ ಕೂಡಿಸಿದರು. ಲಿಂಗ ಅಂಗೈಯಲ್ಲಿ ನಿಂತಿತು. ಕರಗಿದ ನೀರು ಇನ್ನೂ ಹುಬ್ಬಿನಿಂದ ಇಳಿಯುತ್ತಿತ್ತು, ಖಂಡಪ್ಪ ತನ್ನ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ.

ಮೇಲೆ ಕುಣಿಯ ಅಂಚಿನಲ್ಲಿ ಪತ್ರಿ ಹಿಡಿದ ವಿಮಲಾಬಾಯಿ ಮೊಣಕಾಲೂರಿ ಬಗ್ಗಿದಳು.

"ತಮ್ಮಾ, ಒಳಗ ತಂಪ ಅದ ಏನು?"

ಖಂಡಪ್ಪ ಸೂಗಪ್ಪನ ಬೆನ್ನ ಹಿಂದಿನ ಮಣ್ಣಿಗೆ ಅಂಗೈ ಒತ್ತಿದ. ಆಳಿನುದ್ದ ಕೆಳಗಿನ ಆ ಮಣ್ಣಿಗೆ ಮೇಲಿನ ಬಿಸಿಲು ಮುಟ್ಟಿರಲಿಲ್ಲ. ಜೋಮು ಹಿಡಿಸುವ ಥಂಡಿಯೂ ಅಲ್ಲ. ಹೊಸ ಮಡಕೆಯ ಹೊಟ್ಟೆ ಮುಟ್ಟಿದ ಹಾಗಿತ್ತು. ಎಷ್ಟು ಹೊತ್ತು ಕೈ ಇಟ್ಟರೂ ಅದು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

"ಅದ ಯವ್ವಾ" ಎಂದ. "ಭಾಳ ತಂಪ ಅದ. ಇದನ್ನ ಯಾರೂ ತಿರುವಾಕ ಬರಂಗಿಲ್ಲ."

ವಿಮಲಾಬಾಯಿಗೆ ಆಗ ಅಳು ಬಂತು. ಮೂರು ದಿನ ಕಟ್ಟಿಕೊಂಡಿದ್ದದ್ದೆಲ್ಲ ಬಂತು. ಅಳುತ್ತಲೇ ಕೈ ಬಿಟ್ಟಳು, ಪತ್ರಿ ಸೂಗಪ್ಪನ ತಲೆಯ ಮೇಲೆ ಬಿತ್ತು.